ಕ್ಲೋಸಪ್ಪಿಗೆ ಅಂಜಿದ ಹಲ್ಲುಗಳು

ಗೆಳೆಯರೇ, ನೀವು ಈ ಪತ್ರಿಕೆ ಕೊಂಡದ್ದು ತಾರೆಯರ ಸುದ್ದಿ ಓದಲಿಕ್ಕೆ. ನಡುವೆ ಇವನ್ಯಾರು ಮಾನ್ವಿಯ ಅಕ್ಕಿ ಗಿರಣಿ ಗುಮಾಸ್ತ, ಹಲ್ಲಿನ ಪುರಾಣ ಬಿಚ್ಚುತ್ತಿದ್ದಾನೆ ಎಂದು ಪುಟ ತಿರುವಬೇಡಿ. ಫೋಟೋ ಎಂದೊಡನೆ ನನ್ನಂತೆ ತುಟಿ ಬಿಗಿಹಿಡಿಯುವವರು ನಿಮ್ಮಲ್ಲೂ ಇದ್ದೇ ಇದ್ದೀರಿ. ಬಸ್ಸು ಬರುವ ತನಕ ಓದಿ, ಆಮೇಲೆ ಬೇಕಾದರೆ ಬೈಯಿರಿ!

ನನ್ನದು ದೇವದುರ್ಗ ತಾಲ್ಲೂಕಿನ ಹಳ್ಳಿ. ಹೈಸ್ಕೂಲಿನಲ್ಲಿ ನನಗೆ ಬಿದ್ದ ಹೆಸರು 'ನರಸಿಂಹರಾಜು'. ಹಾಸ್ಯ ಚಕ್ರವರ್ತಿಯ ಹೆಸರು ಸಿಕ್ಕಿತೆಂದು ಹಿಗ್ಗಬೇಕಿತ್ತು. ಆದರೆ ಕೊಟ್ಟವರು ನನ್ನ ಹಾಸ್ಯ ಮೆಚ್ಚಿ ಕೊಟ್ಟದ್ದಲ್ಲ, ಹಲ್ಲು ನೋಡಿ ಕೊಟ್ಟದ್ದು. 1954ರ 'ಬೇಡರ ಕಣ್ಣಪ್ಪ'ದಿಂದ 1979ರಲ್ಲಿ ತೀರಿಕೊಳ್ಳುವವರೆಗೂ ಆ ಮಹಾನುಭಾವ ಉಬ್ಬು ಹಲ್ಲಿನ ನಗೆಯಿಂದಲೇ ನಾಡನ್ನು ನಗಿಸಿದರು. ಆ ಹಲ್ಲು ಅವರಿಗೆ ಅನ್ನ ಕೊಟ್ಟಿತು. ನನಗೆ ಕೊಟ್ಟದ್ದು ಬರೀ ಅವಮಾನ.

ಎರಡು ವರ್ಷದ ಹಿಂದೆ ಹೆಣ್ಣು ನೋಡಲು ಹೋದಾಗ ಒಳಮನೆಯಿಂದ ಒಂದು ಮಾತು ತೇಲಿಬಂತು: "ಹುಡುಗ ಚಲೋ ಅದಾನ, ಹಲ್ಲು ಒಂದಿಷ್ಟು ಒಳಗ ಇದ್ದಿದ್ರ..." ಚಹಾ ಕುಡಿದು ಎದ್ದುಬಂದೆ. ಮುಂದಿನ ವಾರವೇ ರಾಯಚೂರಿನ ಬಸ್ಸು ಹತ್ತಿದೆ.

ರಾಯಚೂರಿನಲ್ಲಿ ದಂತ ವೈದ್ಯಕೀಯ ಕಾಲೇಜುಗಳು ಎರಡಿವೆ: ನವೋದಯ ಮತ್ತು ಎ.ಎಂ.ಇ. ಅವುಗಳಲ್ಲೊಂದರಲ್ಲಿ ಚೀಟಿ ಮಾಡಿಸಿ ಕುಳಿತೆ. ಹಲ್ಲಿನ ಅಚ್ಚು ತೆಗೆದರು. ಬಾಯಿಯದೊಂದು ಎಕ್ಸ್-ರೇ, ಮುಖದ ಪಕ್ಕದಿಂದ ಇನ್ನೊಂದು. ಕ್ಯಾಮೆರಾಕ್ಕೆ ಜನ್ಮದಲ್ಲಿ ಪ್ರೊಫೈಲ್ ಕೊಡದವನು ಅಂದು ಕೊಟ್ಟೆ!

ಡಾಕ್ಟರ್ ಮೇಡಂ ಎಲ್ಲ ನೋಡಿ ಹೇಳಿದರು: "ಮ್ಯಾಲಿನ ಸಾಲಿನ್ಯಾಗ ಕೋರೆಹಲ್ಲಿನ ಹಿಂದಿನ ಸಣ್ಣ ದವಡೆ ಹಲ್ಲು, ಆ ಕಡಿಗೊಂದು, ಈ ಕಡಿಗೊಂದು ತೆಗೀಬೇಕಾಗ್ತದ. ಆ ಜಾಗದಾಗ ಮುಂದಿನ ಆರು ಹಲ್ಲು ಹಿಂದಕ್ಕ ಎಳೀತೀವಿ."

"ಮೇಡಂ, ಅವು ಗಟ್ಟಿ ಅದಾವಲ್ರಿ?"

"ಗಟ್ಟಿ ಅದಾವ. ಅದಕ್ಕೇ ವಿಚಾರ ಮಾಡಿ ಹೇಳ್ರಿ."

ಕಥೆಯಲ್ಲಿ ಇಂಟರ್ವಲ್ ಬಿದ್ದದ್ದು ಇಲ್ಲಿಯೇ. ಮೂರು ತಿಂಗಳ ಇಂಟರ್ವಲ್!

ಯಾಕೆಂದರೆ ನನ್ನ ಬಾಯಲ್ಲಿ ಹಳೆಯ ಗಾಯವೊಂದಿತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ ಕೆಳಗಿನ ಎಡಗಡೆ ದೊಡ್ಡ ದವಡೆ ಹಲ್ಲು ಹುಳುಕಾಗಿ, ರಾತ್ರಿಯೆಲ್ಲ ನರಳಿ, ಅಗ್ಗದಲ್ಲಿ ಕೀಳುವವನೊಬ್ಬನ ಬಳಿ ಹೋಗಿದ್ದೆ. ಬೇರಿನ ಚಿಕಿತ್ಸೆ ಮಾಡಿಸಿ ಆ ಹಲ್ಲನ್ನು ಉಳಿಸಬಹುದೇನೋ ನೋಡೋಣ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಐದು ನಿಮಿಷದಲ್ಲಿ ಹಲ್ಲು ಕೈಗೆ ಬಂತು. ಎಂಟು ವರ್ಷದಲ್ಲಿ ಹಿಂದಿನ ಹಲ್ಲು ಆ ಸಂದಿಗೆ ವಾಲಿಕೊಂಡಿತು. ಒಮ್ಮೆ ವಿಚಾರ ಮಾಡದೆ ಕಳಕೊಂಡವನು ಮತ್ತೆ ಎರಡು ಗಟ್ಟಿ ಹಲ್ಲು ಕೊಡುವುದೇ?

ಅವ್ವ ಕೇಳಿದ್ದೇ ತಡ ಸಿಟ್ಟಿಗೆದ್ದಳು. "ಕಡಲಿ ಇದ್ದಾಗ ಹಲ್ಲಿಲ್ಲ ಅಂತ ಜನ ಅಳ್ತಾರ. ನೀ ಇರೋ ಹಲ್ಲು ರೊಕ್ಕ ಕೊಟ್ಟು ಕೀಳಸ್ತೀಯೇನಲೇ?" ಗಿರಣಿಯ ದೋಸ್ತ ಇನ್ನೊಂದು ಬಾಂಬು ಹಾಕಿದ: "ಮ್ಯಾಲಿನ ಹಲ್ಲು ಕಿತ್ರ ಕಣ್ಣು ಹೋಗ್ತಾವಲೇ!" ಕಣ್ಣು ಹೋದರೆ ಸಿನಿಮಾ ನೋಡುವುದು ಹೇಗೆ? ಆ ರಾತ್ರಿ ನಿದ್ದೆ ಬರಲಿಲ್ಲ.

ಮತ್ತೆ ರಾಯಚೂರಿಗೆ ಹೋಗಿ ಮೇಡಂ ಮುಂದೆ ಎಲ್ಲ ಸಂಶಯ ಸುರಿದೆ. ಅವರು ನಗಲಿಲ್ಲ. ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ, ಕಣ್ಣಿಗೆ ಏನೂ ಆಗದು ಎಂದರು. ಕೀಳದೇ ಮಾಡಬಹುದೇ ಎಂದೆ. ಹಲ್ಲಿನ ಅಂಚುಗಳನ್ನು ಕೂದಲೆಳೆಯಷ್ಟು ಉಜ್ಜಿ ಸಾಲು ನೇರ ಮಾಡಬಹುದು. ಆದರೆ ನನ್ನ ತೊಂದರೆ ಸೊಟ್ಟ ಹಲ್ಲಿನದಲ್ಲ, ಉಬ್ಬು ಹಲ್ಲಿನದು. ಜಾಗವಿಲ್ಲದೆ ಹಿಂದಕ್ಕೆ ಹೋಗುವುದೆಲ್ಲಿಗೆ? ಏನೂ ಮಾಡಿಸದಿದ್ದರೆ? "ಏನೂ ಮುಳುಗಂಗಿಲ್ಲ. ಬಿದ್ದಾಗ ಮುಂದಿನ ಹಲ್ಲು ಮುರಿಯೋ ಸಂಭವ ಜಾಸ್ತಿ, ತುಟಿ ಕೂಡಂಗಿಲ್ಲ, ಅಷ್ಟ. ಹಲ್ಲು ನಿಮ್ಮವು, ನೀವೇ ಹೇಳ್ರಿ." ಈ ಮಾತೇ ನನಗೆ ಧೈರ್ಯ ಕೊಟ್ಟದ್ದು. ಬೇಡ ಅನ್ನುವ ಹಕ್ಕು ನನಗಿದೆ ಎಂದಾಗಲೇ ಹೂಂ ಅನ್ನುವ ಮನಸ್ಸಾಯಿತು.

ಈ ಜಗಳ ನನ್ನೊಬ್ಬನದಲ್ಲವೆಂದೂ ಅಂದು ತಿಳಿಯಿತು. ಅಮೆರಿಕದಲ್ಲಿ ಎಡ್ವರ್ಡ್ ಆಂಗಲ್ ಎಂಬ ದೊಡ್ಡ ಗುರು. ವಕ್ರದಂತಗಳಿಗೆ 1899ರಲ್ಲಿ ಅವನು ಮಾಡಿದ ವರ್ಗಗಳನ್ನು ಇಂದಿಗೂ ಓದುತ್ತಾರೆ. ಒಂದು ಹಲ್ಲನ್ನೂ ಕೀಳಬಾರದು ಎಂಬುದು ಅವನ ಹಟ. ಅವನ ಶಿಷ್ಯ ಚಾರ್ಲ್ಸ್ ಟ್ವೀಡ್ ಗುರುವಿನಂತೆಯೇ ನಡೆದ. ಆದರೆ ತಾನು ನೇರ ಮಾಡಿದ ಹಲ್ಲುಗಳು ಮತ್ತೆ ಕೆಡುವುದನ್ನು ಕಂಡು, ಅದೇ ರೋಗಿಗಳನ್ನು ಕರೆಸಿ, ಸಣ್ಣ ದವಡೆ ಹಲ್ಲು ಕಿತ್ತು ಹೊಸದಾಗಿ ಚಿಕಿತ್ಸೆ ಮಾಡಿದ. 1940ರಲ್ಲಿ ವೈದ್ಯರ ಸಭೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ. ಗುರುವಿಗೆ ಶಿಷ್ಯನೇ ಎದುರಾದ ಚಿತ್ರ! ಇಂದು ಎರಡೂ ಹಟವಿಲ್ಲ. ಒಬ್ಬೊಬ್ಬರ ಬಾಯಿ ಅಳೆದು ತೀರ್ಮಾನ ಮಾಡುತ್ತಾರೆ.

ಇನ್ನು ಕೆಳಗಿನ ಹಳೆಯ ಸಂದಿ. "ಅದನ್ನೂ ಎಳೆದು ಮುಚ್ಚಿಬಿಡ್ರಿ" ಎಂದೆ. ಅದು ಸುಲಭವಲ್ಲವಂತೆ. ಹಲ್ಲು ಹೋಗಿ ವರ್ಷಗಳಾದರೆ ಅಲ್ಲಿನ ಎಲುಬು ತೆಳ್ಳಗಾಗುತ್ತದೆ. ತೆಳ್ಳನೆಯ ಎಲುಬಿನಲ್ಲಿ ದೊಡ್ಡ ದವಡೆ ಹಲ್ಲನ್ನು ಎಳೆದರೆ ವಸಡು ಇಳಿಯಬಹುದು, ಬೇರು ಸವೆಯಬಹುದು, ಸಮಯವೂ ಹೆಚ್ಚು. ಅದಕ್ಕೇ ವಾಲಿದ ಹಲ್ಲನ್ನು ನೆಟ್ಟಗೆ ನಿಲ್ಲಿಸಿ, ಸಂದಿಯನ್ನು ಅಗಲ ಮಾಡಿ, ಅಲ್ಲಿ ಕಟ್ಟಿದ ಹಲ್ಲು ಕೂಡಿಸುವುದೆಂದಾಯಿತು. ನೋಡಿ ವಿಚಿತ್ರ! ಮೇಲೆ ಗಟ್ಟಿ ಹಲ್ಲು ಕಿತ್ತು ಸಂದಿ ಮುಚ್ಚಲಿಕ್ಕೆ ರೊಕ್ಕ, ಕೆಳಗೆ ಇದ್ದ ಸಂದಿ ಅಗಲ ಮಾಡಲಿಕ್ಕೆ ರೊಕ್ಕ. ಹತ್ತೊಂಬತ್ತರಲ್ಲಿ ಒಂದು ಪ್ರಶ್ನೆ ಕೇಳಿದ್ದರೆ ಎರಡನೆಯದು ಉಳಿಯುತ್ತಿತ್ತೋ ಏನೋ.

ಹೂಂ ಅಂದೆ. ಇಂಜೆಕ್ಷನ್ ಕೊಟ್ಟು ಒಂದು ವಾರ ಬಲಗಡೆ, ಮರುವಾರ ಎಡಗಡೆ ತೆಗೆದರು. ನೋವಿಗಿಂತ ಹೆಚ್ಚು ಕಾಡಿದ್ದು ಕನ್ನಡಿ. ಒಂದೊಂದು ಸಂದಿ ಸುಮಾರು 7 ಮಿಲಿಮೀಟರ್! ಉಬ್ಬು ಹಲ್ಲಿನ ಜೊತೆಗೆ ಎರಡು ಕಿಟಕಿ ಬೇರೆ. "ಮೊದಲs ಚಲೋ ಇದ್ದಿ" ಎಂದು ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೂ ಹಾಗೆಯೇ ಅನಿಸಿತ್ತು, ಹೇಳಲಿಲ್ಲ.

ಮೊದಲ ಆರು ತಿಂಗಳು ಸಾಲು ನೇರ ಮಾಡುವುದರಲ್ಲೇ ಹೋಯಿತು. ಆಮೇಲೆ ದವಡೆಯ ಎಲುಬಿಗೆ ಎರಡು ಸಣ್ಣ ಸ್ಕ್ರೂ ಹಾಕಿ, ಅವಕ್ಕೆ ಆತು ರಬ್ಬರ್ ಚೈನಿನಿಂದ ಮುಂದಿನ ಹಲ್ಲುಗಳನ್ನು ಎಳೆಯತೊಡಗಿದರು. ಹಿಂದಿನ ಹಲ್ಲು ಮುಂದೆ ಸರಿದು ಜಾಗ ತಿಂದರೆ ಕಿತ್ತದ್ದೇ ದಂಡ, ಅದಕ್ಕೆ ಈ ಸ್ಕ್ರೂ. ತಿಂಗಳಿಗೆ ಸಂದಿ ಮುಚ್ಚುವುದು ಹೆಚ್ಚೆಂದರೆ 1 ಮಿಲಿಮೀಟರ್. ಬೇಗ ಆಗಲೆಂದು ಜೋರಾಗಿ ಎಳೆದರೆ ಬೇರಿಗೇ ಪೆಟ್ಟು.

ನಮ್ಮ ಸೀಮೆಯ ನೀರಿನದೂ ಒಂದು ಪಾತ್ರವಿದೆ. ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮ್ ಮೀರಬಾರದು. ದೇವದುರ್ಗ, ಮಾನ್ವಿ ಕಡೆಯ ಎಷ್ಟೋ ಬೋರ್‌ವೆಲ್ಲುಗಳಲ್ಲಿ ಮೀರಿದೆ. ಬಾಲ್ಯದಲ್ಲಿ ಆ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಕಲೆ. ಅಂಥ ಹಲ್ಲಿಗೆ ಕ್ಲಿಪ್ಪಿನ ಅಂಟು ಸರಿಯಾಗಿ ಹತ್ತದು. ನನ್ನವು ಐದು ಸಲ ಕಳಚಿದವು, ಐದು ಸಲವೂ ಹೆಚ್ಚಿನ ಬಸ್ ಚಾರ್ಜು! ಖಡಕ್ ರೊಟ್ಟಿ ಬಿಟ್ಟೆ. ಮೆತ್ತನೆ ರೊಟ್ಟಿಯನ್ನೂ ಬೇಳೆಯಲ್ಲಿ ನೆನೆಸಿ ತಿಂದೆ. ಗುಟ್ಕಾ ಮೊದಲ ದಿನವೇ ಬಿಡಿಸಿದ್ದರು. ವಸಡು ಗಟ್ಟಿಯಿಲ್ಲದವರ ಹಲ್ಲು ಎಳೆಯುವುದೇ ಇಲ್ಲವಂತೆ.

ಇದು ಹತ್ತೊಂಬತ್ತನೆಯ ತಿಂಗಳು. ಬಲಗಡೆ ಸಂದಿ ಮುಚ್ಚಿದೆ. ಎಡಗಡೆ ಇನ್ನೂ ಬೆಂಕಿಕಡ್ಡಿ ತೂರುವಷ್ಟಿದೆ. ಮುಗಿದ ಮೇಲೂ ರಿಟೇನರ್ ಹಾಕದಿದ್ದರೆ ಹಲ್ಲುಗಳು ಹಳೆಯ ಮನೆ ಹುಡುಕಿಕೊಂಡು ಹೋಗುತ್ತವಂತೆ. ಹೆಣ್ಣು ಇನ್ನೂ ಗೊತ್ತಾಗಿಲ್ಲ. ನಾನೇನು ಹೀರೋನೂ ಆಗಿಲ್ಲ. ಆದರೆ ಹೋದ ತಿಂಗಳು ಕನ್ನಡಿ ಮುಂದೆ ನಿಂತಾಗ ತುಟಿಗಳು ತಾವಾಗಿಯೇ ಕೂಡಿಕೊಂಡವು. ಅವ್ವ ನೋಡಿ, "ನಿಮ್ಮಪ್ಪನ ಮಾರಿ ಬಂತು ನೋಡು" ಎಂದಳು.

ನಿಮಗೆ ನಾನು ಹೇಳುವುದಿಷ್ಟೇ. ಕೀಳಿಸಿ ಎಂದೂ ಹೇಳೆನು, ಬೇಡ ಎಂದೂ ಹೇಳೆನು. ಯಾವ ಹಲ್ಲು, ಯಾಕೆ, ಕೀಳದೇ ಆದೀತೇ, ಸಂದಿ ಪೂರ್ತಿ ಮುಚ್ಚೀತೇ? ಈ ನಾಲ್ಕು ಪ್ರಶ್ನೆ ಕೇಳಿ. ಉತ್ತರ ಕೊಡಲು ಪುರುಸೊತ್ತಿಲ್ಲದವರ ಮುಂದೆ ಬಾಯಿ ತೆರೆಯಬೇಡಿ. ಉಬ್ಬು ಹಲ್ಲಿನಲ್ಲೇ ಸುಖವಾಗಿ ನಗಬಲ್ಲಿರಾದರೆ ಇನ್ನೂ ಒಳ್ಳೆಯದು, ಹಾಸ್ಯ ಚಕ್ರವರ್ತಿಯೇ ನಿಮ್ಮ ಜೊತೆಗಿದ್ದಾರೆ.

ಅಗೋ, ನಿಮ್ಮ ಬಸ್ಸು ಬಂತು. ಹತ್ತಿರಿ!