‘ಗ್ರ್ಯಾಂಡ್’ ಶಬ್ದದ ಗೃಹಪ್ರವೇಶ

ಇಂಗ್ಲಿಷಿನಲ್ಲಿ ಭವ್ಯತೆಯನ್ನು ಹೇಳುವ ಶಬ್ದಗಳಿಗೆ ಬಡತನವಿಲ್ಲ. ‘ಮ್ಯಾಗ್ನಿಫಿಸೆಂಟ್’, ‘ಸಬ್‌ಲೈಮ್’, ‘ಸ್ಪ್ಲೆಂಡಿಡ್’, ‘ಗ್ರ್ಯಾಂಡ್’ - ಒಂದೊಂದೂ ಕಿರೀಟವಿಟ್ಟ ಶಬ್ದವೇ. ಇವುಗಳಲ್ಲಿ ಮೊದಲ ಮೂರು ಇಂದಿಗೂ ಬಹುಮಟ್ಟಿಗೆ ಜಗಲಿಯ ಮೇಲಿನ ಅತಿಥಿಗಳು. ‘ಗ್ರ್ಯಾಂಡ್’ ಮಾತ್ರ ಹೊಸ್ತಿಲು ದಾಟಿ ಒಳಗೆ ಬಂದು ಮನೆಯವರ ಪಂಕ್ತಿಯಲ್ಲಿ ಕುಳಿತಿದೆ. ಹಲವು ದಶಕಗಳಿಂದ ಮುಂಬಯಿಯಲ್ಲಿ ನೆಲೆಸಿ, ಹೊರಗೆ ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿಯೂ ಒಳಗೆ ಕನ್ನಡದಲ್ಲಿಯೂ ಬದುಕುತ್ತಿರುವ ನನಗೆ ಈ ಶಬ್ದದ ನಡೆ ಬಹುಕಾಲದ ಕುತೂಹಲ. ಅದರ ಜಾಡು ಹಿಡಿದು ಹೊರಟವನನ್ನು ಅದು ಕೊನೆಗೆ ನಮ್ಮ ಮನೆಮಾತಿನ ಬಾಗಿಲಿಗೇ ತಂದು ನಿಲ್ಲಿಸಿತು.

ಇದರ ಮೂಲ ಲ್ಯಾಟಿನ್ನಿನ ‘ಗ್ರಾಂದಿಸ್’. ದೊಡ್ಡದು, ಚೆನ್ನಾಗಿ ಬೆಳೆದದ್ದು, ವಯಸ್ಸಿನಲ್ಲಿ ಹಿರಿದು ಎಂದು ಅದರ ಅರ್ಥಗಳು. ಲ್ಯಾಟಿನ್ನಿನಲ್ಲಿ ಹಿರಿಮೆಗೆ ‘ಮಾಗ್ನುಸ್’ ಎಂಬ ಇನ್ನೊಂದು ಶಬ್ದವಿತ್ತು. ‘ಮ್ಯಾಗ್ನಿಫಿಸೆಂಟ್’ ಹುಟ್ಟಿದ್ದು ಅದರಿಂದ. ಲ್ಯಾಟಿನ್ ಒಡೆದು ಜನರ ಬಾಯಲ್ಲಿ ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್‌ಗಳಾಗುವ ಹೊತ್ತಿಗೆ ‘ಮಾಗ್ನುಸ್’ ಹಿಂದೆ ಸರಿದು ‘ಗ್ರಾಂದಿಸ್’ ಅದರ ಪೀಠವನ್ನೇರಿತು. ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಅಲ್ಲಿಯ ಆಸ್ಥಾನದ ನುಡಿಯಾಯಿತು; ‘ಗ್ರ್ಯಾಂಡ್’ ಇಂಗ್ಲಿಷಿಗೆ ಬಂದದ್ದು ಈ ಆಳುವವರ ನುಡಿಯ ಬಳುವಳಿಯಾಗಿ.

ಆಳುವವರ ಶಬ್ದ ಮೊದಲು ಹಿಡಿದ ಸಾಮಾನ್ಯ ಕೆಲಸಗಳಲ್ಲಿ ಒಂದು ಅಜ್ಜ ಅಜ್ಜಿಯರನ್ನು ಕರೆಯುವುದು. ಹಳೆಯ ಇಂಗ್ಲಿಷಿನಲ್ಲಿ ಅಜ್ಜನಿಗೆ ‘ಮುದಿ ತಂದೆ’ ಎಂಬರ್ಥದ ದೇಶೀ ಶಬ್ದವಿತ್ತು. ಅದು ಮರೆಯಾಗಿ ಫ್ರೆಂಚ್ ಮಾದರಿಯ ‘ಗ್ರ್ಯಾಂಡ್‌ಫಾದರ್’ ಬಂದಿತು. ಫ್ರೆಂಚರು ಮೊಮ್ಮಗನನ್ನು ‘ಚಿಕ್ಕ ಮಗ’ ಎಂದು ಕರೆದರೆ, ಇಂಗ್ಲಿಷರು ಅವನಿಗೂ ‘ಗ್ರ್ಯಾಂಡ್’ ಎಂಬ ಬಿರುದನ್ನೇ ಕೊಟ್ಟರು. ಹೀಗಾಗಿ ಆ ಭಾಷೆಯಲ್ಲಿ ಊರುಗೋಲು ಹಿಡಿದ ಮುದುಕನೂ ಗ್ರ್ಯಾಂಡ್, ತೊಟ್ಟಿಲಲ್ಲಿ ಕೈಕಾಲು ಬಡಿಯುವ ಕೂಸೂ ಗ್ರ್ಯಾಂಡ್. ನಮ್ಮ ದೊಡ್ಡಪ್ಪ ಚಿಕ್ಕಪ್ಪಂದಿರ ಎತ್ತರವನ್ನು ಯಾರೂ ಅಳೆದು ನೋಡದಂತೆ ಅಲ್ಲಿಯೂ ಈ ಶಬ್ದದ ಭವ್ಯತೆಯನ್ನು ಯಾರೂ ಪರೀಕ್ಷಿಸುವುದಿಲ್ಲ.

ಮಕ್ಕಳು ಮಾತ್ರ ಪರೀಕ್ಷಿಸುತ್ತಾರೆ. ಒಮ್ಮೆ ನನ್ನ ಮೊಮ್ಮಗಳು ಶಾಲೆಗಾಗಿ ‘ಮೈ ಗ್ರ್ಯಾಂಡ್‌ಫಾದರ್’ ಎಂದು ತಲೆಬರಹ ಬರೆದುಕೊಂಡು, ಬನಿಯನ್ ತೊಟ್ಟು ಪತ್ರಿಕೆ ಓದುತ್ತಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಜ್ಜಾ, ನೀನು ಎಲ್ಲಿಂದ ಗ್ರ್ಯಾಂಡ್?” ಎಂದಳು. ಆ ‘ಎಲ್ಲಿಂದ’ ಮುಂಬಯಿ ಹಿಂದಿಯ ಕೊಡುಗೆ. ಪ್ರಶ್ನೆ ಮಾತ್ರ ಅಪ್ಪಟ ಭಾಷಾಶಾಸ್ತ್ರದ್ದು.

ಕುಟುಂಬದ ಹೊರಗೂ ಈ ಶಬ್ದ ಬಗೆಬಗೆಯ ಚಾಕರಿ ಮಾಡುತ್ತದೆ. ಲೆಕ್ಕದ ಪುಸ್ತಕದಲ್ಲಿ ಚಿಕ್ಕ ಮೊತ್ತಗಳನ್ನೆಲ್ಲ ಕೂಡಿದರೆ ಬರುವುದು ‘ಗ್ರ್ಯಾಂಡ್ ಟೋಟಲ್’. ಅದು ಹನ್ನೆರಡು ರೂಪಾಯಿಯಾದರೂ ಸರಿಯೆ. ‘ಗ್ರ್ಯಾಂಡ್ ಪಿಯಾನೊ’ದ ಕಿರಿಯ ರೂಪಕ್ಕೆ ‘ಬೇಬಿ ಗ್ರ್ಯಾಂಡ್’ ಎಂದು ಹೆಸರು: ಭವ್ಯವೂ ಹೌದು, ಶಿಶುವೂ ಹೌದು! ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಬೀದಿಮಾತು ಸಾವಿರ ಡಾಲರಿಗೆ ‘ಒಂದು ಗ್ರ್ಯಾಂಡ್’ ಎಂದಿತು. ಸಾವಿರ ಡಾಲರಿನ ಬೆಲೆ ಕುಗ್ಗುತ್ತ ಬಂದರೂ ಹೆಸರು ಕುಗ್ಗಲಿಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಐರ್ಲೆಂಡಿನ ಬಳಕೆ. ಅಲ್ಲಿ ಹೇಗಿದ್ದೀರಿ ಎಂದು ಕೇಳಿದರೆ ‘ಗ್ರ್ಯಾಂಡ್’ ಎನ್ನುತ್ತಾರೆ. ವೈಭವದಲ್ಲಿದ್ದೇನೆಂದು ಅದರ ಅರ್ಥವಲ್ಲ. ತೊಂದರೆಯಿಲ್ಲ, ನಡೆಯುತ್ತಿದೆ ಎಂದಷ್ಟೆ. ಇನ್ನೊಂದು ಲೋಟ ಚಹಾ ಬೇಕೆ ಎಂದರೆ, ಬೇಡ ಎನ್ನುವುದಕ್ಕೂ ಅದೇ ಶಬ್ದ. ಜಿನುಗು ಮಳೆಯ ಮಂಕು ಬೆಳಗನ್ನೂ ಅಲ್ಲಿಯವರು ಗ್ರ್ಯಾಂಡ್ ಎಂದು ಕರೆದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಉತ್ತರ ಇಂಗ್ಲೆಂಡಿನಲ್ಲಿಯೂ ಈ ವಾಡಿಕೆಯುಂಟು. ನಿಕ್ ಪಾರ್ಕ್ ಅವರ ‘ಎ ಗ್ರ್ಯಾಂಡ್ ಡೇ ಔಟ್’ ಎಂಬ ೧೯೮೯ರ ಬೊಂಬೆ ಚಿತ್ರದಲ್ಲಿ ಅಲ್ಲಿಯ ಗೃಹಸ್ಥನೊಬ್ಬ ತನ್ನ ನಾಯಿಯೊಂದಿಗೆ ಚಂದ್ರಲೋಕಕ್ಕೆ ಹೋಗುತ್ತಾನೆ. ಉದ್ದೇಶ ಲೋಕವಿಜಯವಲ್ಲ, ಮನೆಯಲ್ಲಿ ಗಿಣ್ಣು ಮುಗಿದಿರುತ್ತದೆ, ಚಂದ್ರನು ಗಿಣ್ಣಿನಿಂದಾದವನೆಂದು ಪ್ರತೀತಿ! ಅಷ್ಟು ದೊಡ್ಡ ಯಾತ್ರೆಗೂ ಅಷ್ಟು ಸಣ್ಣ ಬಯಕೆಗೂ ಈ ಒಂದೇ ಶಬ್ದ ಹೊಂದಿಕೊಂಡಿದೆ.

ಭಾರತಕ್ಕೆ ಬಂದಾಗ ‘ಗ್ರ್ಯಾಂಡ್’ ಮತ್ತೆ ದರ್ಬಾರಿನ ಉಡುಪು ತೊಟ್ಟಿತು. ಕರಿಕಾಲ ಚೋಳನು ಕಟ್ಟಿಸಿದನೆಂದು ಪ್ರತೀತಿಯಿರುವ ಕಾವೇರಿಯ ಪ್ರಾಚೀನ ಒಡ್ಡನ್ನು ಆಂಗ್ಲರು ‘ಗ್ರ್ಯಾಂಡ್ ಅನಿಕಟ್’ ಎಂದರು. ‘ಅನಿಕಟ್’ ನಮ್ಮ ‘ಅಣೆಕಟ್ಟು’, ತಮಿಳಿನ ‘ಅಣೈಕ್ಕಟ್ಟು’. ಅದರ ನೀರು ಉಂಡವರು ಮಾತ್ರ ಅದನ್ನು ‘ಕಲ್ಲಣೈ’, ಅಂದರೆ ಕಲ್ಲಿನ ಅಣೆ ಎಂದಷ್ಟೇ ಕರೆದರು. ಸ್ವಂತದ್ದಾದ ಹಿರಿಮೆಗೆ ವಿಶೇಷಣ ಬೇಕಾಗುವುದಿಲ್ಲವೇನೋ! ೧೯೨೯ರಲ್ಲಿ ಆರಂಭವಾದಾಗ ಪೇಶಾವರಕ್ಕೂ ನಮ್ಮ ಮಂಗಳೂರಿಗೂ ನಂಟು ಕಲ್ಪಿಸಿದ್ದ ರೈಲಿಗೆ ‘ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್’ ಎಂದು ಹೆಸರು. ಮುಂದೆ ಅದು ದೆಹಲಿ ಚೆನ್ನೈಗಳ ನಡುವಿನ ಗಾಡಿಯಾಯಿತು. ಪ್ರಯಾಣಿಕರ ಬಾಯಲ್ಲಿ ಬರಿಯ ‘ಜಿ.ಟಿ.’ ಆಗಿ ಸವೆಯಿತು. ಇನ್ನು ನಮ್ಮ ಮದುವೆಗಳಿಗೆ ಬಂದರೆ, ಜರಿಯ ಸೀರೆ ‘ಗ್ರ್ಯಾಂಡ್’, ಚಪ್ಪರ ‘ಗ್ರ್ಯಾಂಡ್’, ಊಟ ‘ಗ್ರ್ಯಾಂಡ್’. ಐರಿಷ್ ಬಾಯಲ್ಲಿ ‘ಇಷ್ಟು ಸಾಕು’ ಎಂದ ಶಬ್ದ ನಮ್ಮ ಬಾಯಲ್ಲಿ ‘ಇಷ್ಟು ಖರ್ಚಾಯಿತು’ ಎನ್ನುತ್ತದೆ. ಹೆಣ್ಣು ಹೆತ್ತ ಎಷ್ಟೋ ಬಡ ಸಂಸಾರಗಳಿಗೆ ಈ ಸಣ್ಣ ವಿಶೇಷಣ ಸಾಲದ ಹೊರೆಯಾಗಿದೆ.

ಹಾಗಾದರೆ ಕನ್ನಡದಲ್ಲಿ ಈ ಸ್ಥಾನ ಯಾವ ಶಬ್ದದ್ದು? ‘ಭವ್ಯ’ವೆನ್ನೋಣವೆಂದರೆ ಅದು ಇನ್ನೂ ಮನೆಯೊಳಗೆ ಬಂದಿಲ್ಲ. ಭವ್ಯ ಮೆರವಣಿಗೆ, ಭವ್ಯ ಸ್ವಾಗತ, ಭವ್ಯ ಸಮಾರಂಭ - ಆಮಂತ್ರಣ ಪತ್ರಿಕೆಯೇ ಅದರ ಬೀಡು. ಹೊರನಾಡಿನ ನಾವು ವರುಷಕ್ಕೊಮ್ಮೆ ರಾಜ್ಯೋತ್ಸವದ ಫಲಕದಲ್ಲಿ ಬರೆದು ಮತ್ತೆ ಒಳಗೆತ್ತಿಡುತ್ತೇವೆ. ಮನೆಯ ಕೆಲಸಕ್ಕೆ ಒದಗುವ ಶಬ್ದಗಳೇ ಬೇರೆ. ಮುಂಬಯಿಯ ಕರಾವಳಿಗರು ‘ಲಾಯ್ಕ’ ಎನ್ನುತ್ತಾರೆ. ಯೋಗ್ಯವೆಂಬ ಅರ್ಥದ ಅರಬ್ಬೀ ಶಬ್ದ ಮೀನಿನ ಸಾರಿನ ಹೊಗಳಿಕೆಗೆ ಇಳಿದಿದೆ. ಹೇಗಿದ್ದೀರಿ ಎಂದರೆ ಧಾರವಾಡದವರ ಉತ್ತರ ‘ಆರಾಮ ಅದೀನ್ರಿ’. ಐರಿಷರ ‘ಗ್ರ್ಯಾಂಡ್’ಗೆ ಇದಕ್ಕಿಂತ ಒಳ್ಳೆಯ ಅನುವಾದವನ್ನು ನಾನು ಕಾಣೆ.

ಎಲ್ಲಕ್ಕಿಂತ ಹತ್ತಿರದ ಉದಾಹರಣೆ ನನ್ನ ಮೊಮ್ಮಗಳ ಪ್ರಶ್ನೆಯಲ್ಲಿಯೇ ಅಡಗಿತ್ತು. ‘ಅಜ್ಜ’ ಎಂಬುದು ಸಂಸ್ಕೃತದ ‘ಆರ್ಯ’ ಶಬ್ದದ ತದ್ಭವ. ‘ಆರ್ಯ’ವೆಂದರೆ ಪೂಜ್ಯ, ಶ್ರೇಷ್ಠ, ಮಾನ್ಯ, ನಾಟಕಗಳಲ್ಲಿ ಗೌರವದ ಸಂಬೋಧನೆ. ಅದು ಪ್ರಾಕೃತದ ಬಾಯಲ್ಲಿ ಮೆತ್ತಗಾಗಿ, ಕನ್ನಡದಲ್ಲಿ ಕತೆ ಹೇಳುವ, ಎಲೆಯಡಿಕೆ ಕುಟ್ಟುವ, ತೊಡೆಯ ಮೇಲೆ ಕೂರಿಸಿಕೊಳ್ಳುವ ‘ಅಜ್ಜ’ನಾಯಿತು. ಇಂಗ್ಲಿಷರು ‘ಗ್ರ್ಯಾಂಡ್’ ಶಬ್ದದಿಂದ ಮಾಡಿದ್ದನ್ನು ನಾವು ‘ಆರ್ಯ’ದಿಂದ ಎಂದೋ ಮಾಡಿಮುಗಿಸಿದ್ದೆವು. ಹಿರಿಮೆ ಅಳಿಯಲಿಲ್ಲ, ಅಕ್ಕರೆಯಾಗಿ ಉಳಿಯಿತು. ಮರಾಠಿಯ ‘ಆಜಿ’, ‘ಆಜೋಬಾ’ಗಳೂ ಇದೇ ಬಳ್ಳಿಯ ಕುಡಿಗಳು. ಆದ್ದರಿಂದಲೇ ನಮ್ಮ ಕಟ್ಟಡದ ಓಣಿಯಲ್ಲಿ ಮಗು ‘ಅಜ್ಜೀ’ ಎಂದು ಕೂಗಿದರೆ ಮರಾಠಿ ಮನೆಯ ಆಜಿಯೂ ತಿರುಗಿ ನೋಡುತ್ತಾರೆ.

ಪುಣೆಯಲ್ಲಿರುವ ನನ್ನ ಇನ್ನೊಬ್ಬ ಮೊಮ್ಮಗ ಫೋನಿನಲ್ಲಿ ನನ್ನನ್ನು ‘ಗ್ರ್ಯಾಂಡ್‌ಪಾ’ ಎನ್ನುತ್ತಾನೆ. ಆ ಕರೆಯಲ್ಲಿ ಪ್ರೀತಿಗೆ ಕೊರತೆಯಿಲ್ಲ. ಇಂಗ್ಲಿಷಿನ ಮೇಲೆ ನನಗೆ ಮುನಿಸೂ ಇಲ್ಲ. ಆದರೆ ಆ ಶಬ್ದವನ್ನು ಮನೆಯೊಳಕ್ಕೆ ತಂದ ದುಡಿಮೆ ಇಂಗ್ಲಿಷರ ಎಷ್ಟೋ ತಲೆಮಾರುಗಳದು. ‘ಅಜ್ಜ’ ಎಂಬುದರ ಹಿಂದಿರುವುದು ನಮ್ಮವರ ದುಡಿಮೆ. ಅದನ್ನು ಬಿಟ್ಟುಕೊಟ್ಟರೆ ನಮ್ಮ ಕೈಯಲ್ಲಿ ಉಳಿಯುವುದು ಫಲಕದ ಮೇಲಿನ ‘ಭವ್ಯ’ ಮಾತ್ರ. ಮುಂದಿನ ಬಾರಿ ಅವನು ಮುಂಬಯಿಗೆ ಬಂದಾಗ ಉಪದೇಶ ಮಾಡುವ ವಿಚಾರ ನನಗಿಲ್ಲ. ಅವನ ಅಕ್ಕ ಇದ್ದಾಳೆ. ಅವಳು ದಿನಕ್ಕೆ ಇಪ್ಪತ್ತು ಸಲ ‘ಅಜ್ಜಾ’ ಎಂದು ಕೂಗುವುದು ಅವನ ಕಿವಿಗೆ ಬಿದ್ದರೆ ಸಾಕು.