ಜೋನಾ ಲೋಮುವಿನ ದೇಶಾಂತರ

ದೇಹಬಲವನ್ನೇ ಮೂಲಧನವಾಗಿ ಉಳ್ಳವರು ಆಶ್ರಯವನ್ನರಸಿ ದೇಶದಿಂದ ದೇಶಕ್ಕೆ ಹೋಗುವುದು ಹೊಸ ಸಂಗತಿಯೇನೂ ಅಲ್ಲ. ಹಿಂದೆ ಜಟ್ಟಿಗಳು ಅರಮನೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಈಗ ಆಟಗಾರರು ಕರಾರುಪತ್ರವನ್ನು ಹಿಡಿದು ಸಮುದ್ರವನ್ನು ದಾಟುವರು. ನ್ಯೂಜಿಲೆಂಡಿನ ಜೋನಾ ಲೋಮು ದಾಟಿದುದೂ ಹಾಗೆಯೇ. ಆದರೆ ಆತನು ಹೊರಟಾಗ ಕೈಯಲ್ಲಿದ್ದ ಮೂಲಧನವು ಪೂರ್ತಿಯಾಗಿ ಆತನದಾಗಿರಲಿಲ್ಲ.

ರಗ್ಬಿಯ ಪರಿಚಯವಿಲ್ಲದ ವಾಚಕರಿಗೆ ಎರಡು ಮಾತು. ಅದು ಮೊಟ್ಟೆಯಾಕಾರದ ಚೆಂಡನ್ನು ಎದೆಗೊತ್ತಿಕೊಂಡು ಓಡುವ ಆಟ. ಪಕ್ಷವೊಂದಕ್ಕೆ ಹದಿನೈದು ಮಂದಿ. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯಕೂಡದು, ಹಿಂದಿರುವವನಿಗೇ ಕೊಡತಕ್ಕದ್ದು. ಎದುರಾಳಿಗಳು ಓಡುವವನನ್ನು ಹಿಡಿದು ಕೆಡಹಬಹುದು. ಅವರ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ‘ಟ್ರೈ’. ಅದಕ್ಕೆ ಐದು ಅಂಕ. ಅಂಚಿನಲ್ಲಿ ಓಡುವವರು ಸಾಮಾನ್ಯವಾಗಿ ಹಗುರ ಮೈಯವರು. ಲೋಮುವಾದರೋ 6 ಅಡಿ 5 ಅಂಗುಲ ಎತ್ತರ, 115 ಕಿಲೋಗ್ರಾಮಿಗೂ ಮಿಕ್ಕ ತೂಕವುಳ್ಳವನಾಗಿ ಆ ಅಂಚಿನಲ್ಲಿಯೇ ನಿಂತನು.

ಆತನು 1975ರಲ್ಲಿ ಆಕ್ಲೆಂಡಿನಲ್ಲಿ ಟೊಂಗಾ ದ್ವೀಪದಿಂದ ಬಂದ ದಂಪತಿಗಳಿಗೆ ಹುಟ್ಟಿದನು. ಶೈಶವದ ಕೆಲವು ವರ್ಷಗಳನ್ನು ಟೊಂಗಾದಲ್ಲಿ ಬಂಧುಗಳ ಮನೆಯಲ್ಲಿ ಕಳೆದು ಮರಳಿದುದರಿಂದ, ದೇಶಾಂತರವು ಆತನಿಗೆ ಎಳವೆಯಲ್ಲಿಯೇ ಪರಿಚಿತ. 1994ರಲ್ಲಿ, 19 ವರ್ಷ 45 ದಿನಗಳ ವಯಸ್ಸಿನಲ್ಲಿ, ‘ಆಲ್ ಬ್ಲ್ಯಾಕ್ಸ್’ ಎಂಬ ರಾಷ್ಟ್ರತಂಡದ ಕಪ್ಪಂಗಿಯನ್ನು ತೊಟ್ಟನು. ಅಷ್ಟು ಕಿರಿಯನು ಆ ತಂಡದ ಟೆಸ್ಟ್ ಪಂದ್ಯದಲ್ಲಿ ಅದುವರೆಗೆ ಆಡಿರಲಿಲ್ಲ. ಮರುವರುಷ ದಕ್ಷಿಣ ಆಫ್ರಿಕದ ವಿಶ್ವಕಪ್ಪಿನಲ್ಲಿ, ಕೇಪ್‌ಟೌನಿನ ಉಪಾಂತ್ಯ ಪಂದ್ಯದೊಳಗೆ ಇಂಗ್ಲೆಂಡಿನ ಮೇಲೆ ನಾಲ್ಕು ಟ್ರೈಗಳನ್ನು ಗಳಿಸಿದನು. ಮೊದಲನೆಯದರಲ್ಲಿ ಅಡ್ಡಬಂದ ಮೈಕ್ ಕ್ಯಾಟ್ ಎಂಬಾತನನ್ನು ಬಳಸಿ ಹೋಗುವ ಗೊಡವೆಗೇ ಹೋಗದೆ, ತುಳಿದುಕೊಂಡೇ ಸಾಗಿದನು. ಕ್ಯಾಟನು ಮಾಡಿದ ಒಳ್ಳೆಯ ಆಟವೆಲ್ಲ ಹಿಂದೆ ಬಿದ್ದು, ಜನರು ಆ ಒಂದು ನಿಮಿಷದಿಂದಲೇ ಆತನನ್ನು ನೆನೆಯುವಂತಾದುದು ಅನ್ಯಾಯವೇ ಸರಿ.

1995ರ ಆಗಸ್ಟ್ ತಿಂಗಳಲ್ಲಿ, ಅದುವರೆಗೆ ಸಂಬಳವನ್ನು ನಿಷೇಧಿಸಿದ್ದ ರಗ್ಬಿಯ ಆಡಳಿತವು ಹಣಕ್ಕೆ ಬಾಗಿಲನ್ನು ತೆರೆಯಿತು. ಹೊಸ ಸಂತೆಯಲ್ಲಿ ಎಲ್ಲರಿಗಿಂತ ಹೆಚ್ಚಿನ ಬೆಲೆ ಈ ಇಪ್ಪತ್ತರ ಯುವಕನಿಗೆ. ಅದೇ ವರ್ಷದ ಕೊನೆಯಲ್ಲಿ ವೈದ್ಯರು ಆತನ ಮೂತ್ರಪಿಂಡಗಳಲ್ಲಿ ‘ನೆಫ್ರೋಟಿಕ್ ಸಿಂಡ್ರೋಮ್’ ಎಂಬ ರೋಗವನ್ನು ಕಂಡುಹಿಡಿದರು. ರಕ್ತದಲ್ಲಿ ಉಳಿಯಬೇಕಾದ ಸಾರವು ಸೋರಿಹೋಗುವ ವ್ಯಾಧಿ ಅದು. ಜಗತ್ತು ಬಲದ ಪರಮಾವಧಿಯೆಂದು ಬೆರಗಾಗಿ ನೋಡಿದ ಆ ಮೈ ಒಳಗೆ ಕ್ಷೀಣಿಸುತ್ತಿದ್ದಿತು. ಹಾಗಿದ್ದೂ 1999ರ ವಿಶ್ವಕಪ್ಪಿನಲ್ಲಿ ಎಂಟು ಟ್ರೈಗಳನ್ನು ಗಳಿಸಿದನು. ಒಟ್ಟು 63 ಟೆಸ್ಟ್ ಪಂದ್ಯಗಳಲ್ಲಿ 37.

ಹೊರನಾಡಿನ ಸಂಘಕ್ಕೆ ಸೇರಿದವನನ್ನು ರಾಷ್ಟ್ರತಂಡಕ್ಕೆ ಆರಿಸದಿರುವುದು ನ್ಯೂಜಿಲೆಂಡಿನ ರೂಢಿ. ಆದುದರಿಂದ ಅಲ್ಲಿಯ ಆಟಗಾರರು ಕಪ್ಪಂಗಿಯ ಆಸೆ ತೀರಿದ ಮೇಲೆ ಯೂರೋಪಿಗೆ ಹೋಗಿ ಮುಪ್ಪಿಗೆ ನಾಲ್ಕು ಕಾಸು ಕೂಡಿಡುವರು. ಲೋಮುವಿನ ಹಾದಿ ಬೇರೆಯಾಯಿತು. 2002ರ ನವೆಂಬರಿನಲ್ಲಿ ವೇಲ್ಸಿನ ಕಾರ್ಡಿಫ್ ನಗರದಲ್ಲಿ ಆಡಿದ ಟೆಸ್ಟ್ ಪಂದ್ಯವೇ ಆತನ ಕಡೆಯದು. 2003ರಲ್ಲಿ ಡಯಾಲಿಸಿಸ್, ಯಂತ್ರದ ಪಕ್ಕದಲ್ಲಿ ಗಂಟೆಗಟ್ಟಲೆ ಮಲಗಿ ರಕ್ತವನ್ನು ಶೋಧಿಸಿಕೊಳ್ಳುವ ಬಾಳು. ಪಾದಗಳ ನರಗಳು ಕುಂದಿ, ನಡೆಯುವುದೇ ಕಷ್ಟವಾಯಿತು. 2004ರ ಜುಲೈನಲ್ಲಿ ವೆಲಿಂಗ್ಟನಿನ ಒಬ್ಬ ಮಿತ್ರನು, ರೇಡಿಯೋ ನಿರೂಪಕನು, ತನ್ನ ಮೂತ್ರಪಿಂಡಗಳಲ್ಲಿ ಒಂದನ್ನು ಕೊಟ್ಟನು.

ಇಂತಹ ದಾನವನ್ನು ಪಡೆದವನು ಅದನ್ನು ಹತ್ತಿಯಲ್ಲಿ ಸುತ್ತಿಟ್ಟಂತೆ ಕಾಯ್ದುಕೊಂಡು ಮನೆಯಲ್ಲಿರಬೇಕಲ್ಲವೆ? ನೂರು ಕಿಲೋಗ್ರಾಮಿನ ಮೈಗಳು ಡಿಕ್ಕಿಹೊಡೆಯುವ ಕಣಕ್ಕೆ ಅದನ್ನು ಒಯ್ಯುವುದು ಸಾಹಸವೋ ಕೃತಘ್ನತೆಯೋ ಎಂದು ಕೇಳುವವರಿಗೆ ಸುಲಭದ ಉತ್ತರವಿಲ್ಲ. ಕೊಟ್ಟವನು ಬದುಕಲೆಂದು ಕೊಟ್ಟನು. ಲೋಮುವಿಗೆ ಬದುಕೆಂದರೆ ಓಟವೇ ಆಗಿದ್ದಿತು. 2005ರ ಕೊನೆಗೆ ಆತನು ಕಾರ್ಡಿಫ್ ಬ್ಲೂಸ್ ತಂಡವನ್ನು ಸೇರಿದನು, ಕಡೆಯ ಟೆಸ್ಟ್ ಆಡಿದ ಆ ನಗರದಲ್ಲಿಯೇ. ಹಳೆಯ ವೇಗ ಮರಳಲಿಲ್ಲ. ಡಿಸೆಂಬರಿನಲ್ಲಿ ಒಂದು ಟ್ರೈ ಬಂದಿತು. 2006ರಲ್ಲಿ ತಾಯ್ನಾಡಿಗೆ ಬಂದು ನಾರ್ತ್ ಹಾರ್ಬರ್ ಪ್ರಾಂತದ ಪರವಾಗಿ ಆಡಿದನು. 2007ರ ವಿಶ್ವಕಪ್ಪಿಗೆ ಹೋಗುವ ಆಸೆಯಿದ್ದಿತು. ಅದಕ್ಕೆ ಮೆಟ್ಟಲಾಗಬೇಕಾದ ದೊಡ್ಡ ಪಂದ್ಯಾವಳಿಯಲ್ಲಿ ಯಾವ ತಂಡವೂ ಆತನಿಗೆ ಸ್ಥಾನವನ್ನು ಕೊಡಲಿಲ್ಲ.

2009ರಲ್ಲಿ ಫ್ರಾನ್ಸಿನ ಮೂರನೆಯ ದರ್ಜೆಯ ಸಂಘವಾದ ಮಾರ್ಸೇ ವಿತ್ರೋಲ್‌ಗೆ ಹೋದನು. ಅಲ್ಲಿ ವಿಶ್ವಕಪ್ಪೂ ಇಲ್ಲ, ಕಪ್ಪಂಗಿಯೂ ಇಲ್ಲ. ಮೂವತ್ತನಾಲ್ಕರ ಆ ಮನುಷ್ಯನು ಸಣ್ಣ ಮೈದಾನದಲ್ಲಿ, ಯಾರದೋ ಮೂತ್ರಪಿಂಡವನ್ನು ಒಡಲಲ್ಲಿಟ್ಟುಕೊಂಡು, ಚೆಂಡಿಗಾಗಿ ಕೈಚಾಚಿ ನಿಂತನು.

2011ರಲ್ಲಿ ಆ ಮೂತ್ರಪಿಂಡವೂ ಕೈಬಿಟ್ಟಿತು. ಮತ್ತೆ ಯಂತ್ರದ ನಂಟು. 2015ರ ವಿಶ್ವಕಪ್ಪಿಗೆ ಅತಿಥಿಯಾಗಿ ಇಂಗ್ಲೆಂಡಿಗೆ ಹೋಗಿದ್ದಾಗಲೂ ಡಯಾಲಿಸಿಸ್ ತಪ್ಪಲಿಲ್ಲ. ತಾನು ಎಂದೂ ಗೆಲ್ಲದ ಆ ಕಪ್ಪನ್ನು ನ್ಯೂಜಿಲೆಂಡಿನ ಆಟಗಾರರು ಎತ್ತಿಹಿಡಿದ ವರ್ಷ ಅದು. ಸಂಸಾರದೊಡನೆ ದುಬೈ ಮಾರ್ಗವಾಗಿ ಮನೆಗೆ ಮರಳಿದ ಆತನು ನವೆಂಬರ್ 18ರಂದು ಆಕ್ಲೆಂಡಿನಲ್ಲಿ ತೀರಿಕೊಂಡನು. ಇಬ್ಬರು ಗಂಡುಮಕ್ಕಳೂ ಇನ್ನೂ ಚಿಕ್ಕವರಾಗಿದ್ದರು.