ವಿಳಾಸವಿಲ್ಲದವನು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಮೂರನೆಯ ಪರೀಕ್ಷೆಯೊಂದನ್ನು ಹೇಳದೆ ಬಿಟ್ಟರು. ಅವರ ಕಾಲಕ್ಕೆ ಅದರ ಅಗತ್ಯ ಬಿದ್ದಿರಲಿಲ್ಲವೋ ಏನೋ. ‘ಪರಸ್ಥಳದಲ್ಲಿ ಬಾಡಿಗೆಗೆ ಮನೆ ಹುಡುಕಿ ನೋಡು’ ಎಂಬುದೇ ಆ ಪರೀಕ್ಷೆ. ನಾನು ಮನೆ ಕಟ್ಟಿದ್ದೂ ಆಯಿತು, ಮಗಳ ಮದುವೆ ಮಾಡಿದ್ದೂ ಆಯಿತು. ಎರಡರಲ್ಲಿಯೂ ಹೇಗೋ ತೇರ್ಗಡೆಯಾದೆ. ಮೂರನೆಯದರಲ್ಲಿ ಮಾತ್ರ, 1993ರ ಜುಲೈ ತಿಂಗಳ ಕೊನೆಯಲ್ಲಿ, ಅಮೆರಿಕದ ಅಯೋವಾ ಸಿಟಿ ಎಂಬ ಊರಿನಲ್ಲಿ ಪೂರ್ಣವಾಗಿ ನಪಾಸಾದೆ.

ಹೆಸರಿನಲ್ಲಿ ‘ಸಿಟಿ’ ಎಂದಿದ್ದರೂ ಅದು ದೊಡ್ಡ ಊರಲ್ಲ. ಆಗ ಅಲ್ಲಿದ್ದ ಜನ ಸುಮಾರು 60,000. ಅವರಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೇ 25,000ಕ್ಕೂ ಹೆಚ್ಚು. ಸುತ್ತಲೂ ಕಣ್ಣು ಹಾಯುವವರೆಗೆ ಮುಸುಕಿನ ಜೋಳದ ಹೊಲಗಳು. ಊರ ನಡುವೆ ಅಯೋವಾ ನದಿ. ಅದರ ದಂಡೆಯ ದಿಬ್ಬದ ಮೇಲೆ ಚಿನ್ನದ ಬಣ್ಣದ ಗುಮ್ಮಟ ಹೊತ್ತ ಹಳೆಯ ರಾಜಧಾನಿ ಭವನ. 1857ರಲ್ಲಿ ರಾಜಧಾನಿ ಡೆ ಮಾಯ್ನ್ ಪಟ್ಟಣಕ್ಕೆ ಹೋದ ಮೇಲೆ ಆ ಭವನ ವಿಶ್ವವಿದ್ಯಾನಿಲಯದ ಪಾಲಿಗೆ ಬಂದಿತಂತೆ. ಸರ್ಕಾರವೇ ಗಂಟುಮೂಟೆ ಕಟ್ಟಿ ಮನೆ ಬದಲಾಯಿಸಿದ ಊರಿನಲ್ಲಿ ವಿದ್ಯಾರ್ಥಿಗಳು ಮನೆ ಬದಲಾಯಿಸುವುದರಲ್ಲಿ ಆಶ್ಚರ್ಯವೇನು?

ಆಶ್ಚರ್ಯವೆಂದರೆ, ಎಲ್ಲರೂ ಒಂದೇ ಸಲ ಬದಲಾಯಿಸುತ್ತಿದ್ದುದು. ಅಲ್ಲಿ ಬಾಡಿಗೆಯ ಕರಾರು ವರ್ಷಕ್ಕೊಮ್ಮೆ, ವಿದ್ಯಾಭ್ಯಾಸದ ವರ್ಷಕ್ಕೆ ಹೊಂದಿಕೊಂಡು ಆಗುವಂಥದು. ಹಳೆಯ ಕರಾರು ಜುಲೈ ಕೊನೆಯಲ್ಲಿ ಮುಗಿದರೆ ಹೊಸದು ಆಗಸ್ಟ್ ಮೊದಲಲ್ಲಿ ಆರಂಭ. ನಡುವೆ ಕೆಲವು ದಿನ ಮಾಲೀಕರು ಗೋಡೆಗೆ ಬಣ್ಣ ಬಳಿಸಿ, ನೆಲದ ಜಮಖಾನ ತೊಳೆಯಿಸುತ್ತಿದ್ದರು. ಆ ದಿನಗಳಲ್ಲಿ ಬಾಡಿಗೆದಾರ ಎಲ್ಲಿರಬೇಕೆಂಬುದನ್ನು ಯಾವ ಕರಾರೂ ಹೇಳುತ್ತಿರಲಿಲ್ಲ. ರಸ್ತೆಯ ಅಂಚಿನಲ್ಲಿ ಸೋಫಾ, ಕಾಲು ಮುರಿದ ಕುರ್ಚಿ, ಹಾಸಿಗೆಗಳ ರಾಶಿ ಬಿದ್ದಿರುತ್ತಿತ್ತು. ನನ್ನ ಓದುವ ಮೇಜನ್ನು ನಾನು ತಂದುದೂ ಅಂಥ ರಾಶಿಯೊಂದರಿಂದಲೇ.

ನಾನಾಗ ಸಂಶೋಧನೆಯ ಎರಡನೆಯ ವರ್ಷದಲ್ಲಿದ್ದೆ. ವಾರಕ್ಕೆ 20 ಗಂಟೆ ವಿಭಾಗದ ಕೆಲಸ. ಅದಕ್ಕೆ ಸಿಗುತ್ತಿದ್ದ ವೇತನವೂ ವರ್ಷಕ್ಕೆ ಒಂಬತ್ತೇ ತಿಂಗಳು. ಹಳೆಯ ಮರದ ಮನೆಯ ಮೇಲ್ಮಹಡಿಯಲ್ಲಿ ಇನ್ನಿಬ್ಬರೊಡನೆ ಇದ್ದೆ. ನನ್ನ ಪಾಲಿನ ಬಾಡಿಗೆ 200 ಡಾಲರ್, ಠೇವಣಿಯೂ ಅಷ್ಟೇ. ಜುಲೈ 28ರ ಮಧ್ಯಾಹ್ನ ಕರಾರು ಮುಗಿಯುವುದಿತ್ತು. ಆಗಸ್ಟ್ 1ರಿಂದ ನದಿಯ ಕಡೆಗೆ ಒಂದು ನೆಲಮಾಳಿಗೆಯ ಕೋಣೆ ಗೊತ್ತಾಗಿತ್ತು, ಅಗ್ಗವೆಂದು ಹಿಗ್ಗಿದ್ದೆ.

ಆ ವರ್ಷ ಅಲ್ಲಿ ಸುರಿದ ಮಳೆಯನ್ನು ಕಂಡವರು ಮರೆಯಲಾರರು. ಊರ ಮೇಲ್ಗಡೆಯ ಕೊರಲ್‌ವಿಲ್ ಅಣೆಕಟ್ಟು 1958ರಲ್ಲಿ ಮುಗಿದಂದಿನಿಂದ ಮೊದಲ ಸಲ, ಆ ಜುಲೈನಲ್ಲಿ ಕೋಡಿ ಹರಿಯಿತು. ನನ್ನ ಹೊಸ ಕೋಣೆಗೆ ನನಗಿಂತ ಮೊದಲು ನೀರು ಪ್ರವೇಶ ಮಾಡಿತು. “ಈ ತಿಂಗಳಲ್ಲಿ ಮನೆ ಒಣಗುವುದಿಲ್ಲ, ಬೇರೆ ನೋಡಿಕೊಳ್ಳಿ” ಎಂದು ಮಾಲೀಕ ಫೋನು ಮಾಡಿದಾಗ ನನಗೆ ಉಳಿದಿದ್ದುದು ಆರು ದಿನ. ಊರಿನಲ್ಲಿ ಖಾಲಿ ಮನೆಯೆಂಬುದು ಉಳಿದಿರಲಿಲ್ಲ.

ವಿವಾಹಿತ ವಿದ್ಯಾರ್ಥಿಗಳ ವಸತಿಯಲ್ಲಿ ನನಗೆ ಪರಿಚಯದ ಒಂದು ಕನ್ನಡ ಸಂಸಾರವಿತ್ತು. “ಬಾರಯ್ಯ, ಇದ್ದುದರಲ್ಲೇ ಹೊಂದಿಕೊಂಡರಾಯಿತು” ಎಂದರು ಗೆಳೆಯರು. ಆದರೆ ಮನೆಯಲ್ಲಿ ಇದ್ದುದು ಒಂದೇ ಮಲಗುವ ಕೋಣೆ; ಅದರಲ್ಲಿ ಹದಿನೈದು ದಿನದ ಬಾಣಂತಿ, ಕೂಸು; ನಡುಮನೆಯಲ್ಲಿ ಹಾಸನದಿಂದ ಬಂದಿದ್ದ ಅತ್ತೆ. ಕಾಫಿ ಕುಡಿದು, “ಬೇರೆ ಕಡೆ ಗೊತ್ತಾಗಿದೆ” ಎಂದು ಸುಳ್ಳು ಹೇಳಿ ಬಂದೆ.

28ರಂದು ಮಾಲೀಕನ ಕಡೆಯವನು ಬಂದು ಗೋಡೆಯ ಮೊಳೆಯ ತೂತುಗಳನ್ನೆಲ್ಲ ಎಣಿಸಿದ. ಕೊನೆಗೆ ಒಂದು ಕಾಗದ ಮುಂದಿಟ್ಟು, “ಠೇವಣಿ ಕಳುಹಿಸಲು ನಿಮ್ಮ ಮುಂದಿನ ವಿಳಾಸ ಬರೆಯಿರಿ” ಎಂದ. ಅಯೋವಾ ರಾಜ್ಯದ ಕಾನೂನಿನಂತೆ ಮಾಲೀಕನು 30 ದಿನಗಳೊಳಗೆ ಠೇವಣಿಯನ್ನು ಹಿಂದಿರುಗಿಸಬೇಕು. ಹಿಡಿದುಕೊಂಡ ಹಣಕ್ಕೆ ಕಾರಣವನ್ನೂ ಬರೆದು ತಿಳಿಸಬೇಕು. ಆದರೆ ಬಾಡಿಗೆದಾರ ವಿಳಾಸ ಕೊಡುವವರೆಗೂ ಆ 30 ದಿನಗಳ ಎಣಿಕೆ ಆರಂಭವಾಗುವುದಿಲ್ಲ. ನನ್ನ ಕೈಯಲ್ಲಿ ಲೇಖನಿ ಇತ್ತು. ಬರೆಯಲು ಏನೂ ಇರಲಿಲ್ಲ.

ಹಣದ ಚಿಂತೆಗಿಂತ ಇನ್ನೊಂದು ಚಿಂತೆ ದೊಡ್ಡದಾಗಿತ್ತು. ಆ ತಿಂಗಳು ಮೈಸೂರಿನಲ್ಲಿ ನನ್ನ ತಂದೆಯವರ ಕಣ್ಣಿಗೆ ಶಸ್ತ್ರಚಿಕಿತ್ಸೆ ಆಗುವುದಿತ್ತು. ನಮ್ಮ ಹಳ್ಳಿಯ ಮನೆಯಲ್ಲಿ ಫೋನಿಲ್ಲ. ತಾಯಿಯ ಕಾಗದ ದಾರಿಯಲ್ಲಿರಬೇಕು; ಬಂದರೆ ಬೀಗ ಹಾಕಿದ ಈ ಮನೆಗೇ ಬರಬೇಕು. ನಮ್ಮೂರಿನಲ್ಲಿ ತಂದೆಯವರ ಹೆಸರು, ಊರ ಹೆಸರು ಇಷ್ಟು ಬರೆದರೆ ಕಾಗದ ತಾನಾಗಿ ಬಂದು ಜಗಲಿ ಸೇರುತ್ತಿತ್ತು. ವಿಳಾಸವೆಂಬುದು ಮನುಷ್ಯ ಕಳೆದುಕೊಳ್ಳಬಹುದಾದ ವಸ್ತುವೆಂದು ನನಗೆ ಆ ದಿನದವರೆಗೂ ಹೊಳೆದಿರಲಿಲ್ಲ.

ಪುಸ್ತಕದ ಪೆಟ್ಟಿಗೆಗಳನ್ನು ಜಗಲಿಯ ಮೇಲೆ ಪೇರಿಸಿ, ಹನಿಯುವ ಮಳೆ ನೋಡುತ್ತ ಕುಳಿತೆ. ಎದುರುಮನೆಯಿಂದ ಮುದುಕಿಯೊಬ್ಬರು ಕೊಡೆ ಹಿಡಿದು ಬಂದರು. ನಿವೃತ್ತ ಶಾಲಾ ಉಪಾಧ್ಯಾಯಿನಿ, ಒಂಟಿ ಜೀವ. ಎರಡು ವರ್ಷಗಳಲ್ಲಿ ನಾವು ಆಡಿದ್ದುದು ನಾಲ್ಕು ಮಾತು.

“ಜನವರಿಯಲ್ಲಿ ನನ್ನ ಬಾಗಿಲ ಮುಂದಿನ ಹಿಮ ಸರಿಸಿದ ಹುಡುಗ ನೀನೇ ಅಲ್ಲವೇ? ಇಲ್ಲೇಕೆ ಕುಳಿತಿದ್ದೀಯೆ?”

ಹೇಳಿದೆ. ಅವರು ಮಾಲೀಕನ ಕಡೆಯವನ ಕೈಯಿಂದ ಕಾಗದವನ್ನು ತೆಗೆದುಕೊಂಡು, ಕನ್ನಡಕ ಸರಿಪಡಿಸಿಕೊಂಡು, ಶಾಲೆಯ ಹಲಗೆಯ ಮೇಲೆ ಬರೆಯುವ ದುಂಡಕ್ಷರದಲ್ಲಿ ತಮ್ಮ ಮನೆಯ ವಿಳಾಸವನ್ನು ಬರೆದರು. “ಅಂಚೆ ಕಛೇರಿಗೂ ಹೋಗಿ ಇದನ್ನೇ ಬರೆದುಕೊಟ್ಟು ಬಾ. ಕಾಗದಗಳನ್ನು ಅವರು ಇಲ್ಲಿಗೆ ತಿರುಗಿಸುತ್ತಾರೆ. ಪೆಟ್ಟಿಗೆಗಳು ನೆನೆಯುವ ಮುನ್ನ ಒಳಗೆ ತಾ” ಎಂದರು.

ಅವರ ಅಟ್ಟದ ಕೋಣೆಯಲ್ಲಿ ನಾನು 19 ದಿನ ಇದ್ದೆ. ಬಾಡಿಗೆಯ ಮಾತೆತ್ತಿದಾಗ, ರಾತ್ರಿಯ ಪಾತ್ರೆಗಳನ್ನು ತೊಳೆಯುವುದೇ ಬಾಡಿಗೆಯೆಂದು ತೀರ್ಮಾನವಾಯಿತು. ಒಂದು ರಾತ್ರಿ ಪಾತ್ರೆ ಒರೆಸುತ್ತ ತಮ್ಮ ಕಥೆ ಹೇಳಿದರು. ಅವರ ಪತಿ ಯುದ್ಧದಿಂದ ಮರಳಿ, ಸೈನಿಕರ ವಿದ್ಯಾಭ್ಯಾಸಕ್ಕೆಂದು 1944ರಲ್ಲಿ ಆದ ಕಾನೂನಿನ ನೆರವಿನಿಂದ ಇಲ್ಲಿ ಓದಲು ಬಂದರಂತೆ. ಅವರಂಥವರು ಹಿಂಡುಹಿಂಡಾಗಿ ಬಂದಾಗ ಮನೆಗಳು ಸಾಲದೆ ವಿಶ್ವವಿದ್ಯಾನಿಲಯ ಕ್ವಾನ್ಸೆಟ್ ಗುಡಿಸಲುಗಳನ್ನು ನಿಲ್ಲಿಸಿತು. ರೋಡ್ ಐಲೆಂಡಿನ ನೌಕಾನೆಲೆಯೊಂದರ ಹೆಸರು ಹೊತ್ತು, 1941ರಲ್ಲಿ ಯುದ್ಧಕ್ಕೆಂದು ಹುಟ್ಟಿದ ಕಟ್ಟಡಗಳವು. ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂತೆ, ಅಲೆಅಲೆಯಾದ ತಗಡಿನವು.

“ಬೇಸಿಗೆಯಲ್ಲಿ ಒಲೆ, ಚಳಿಗಾಲದಲ್ಲಿ ಮಂಜಿನ ಪೆಟ್ಟಿಗೆ. ನಡುಗೋಡೆಯಾಚೆ ಪಕ್ಕದವರ ಮಗು ಅತ್ತರೆ ಎದ್ದು ಕೂರುತ್ತಿದ್ದವಳು ನಾನು” ಎಂದು ನಕ್ಕರು. “ಆ ಗುಡಿಸಲು ಸಿಗುವವರೆಗೆ ಆರು ವಾರ ನಮಗೆ ಅದೂ ಇರಲಿಲ್ಲ. ಗುರುತಿಲ್ಲದ ಹೆಂಗಸೊಬ್ಬಳು ತನ್ನ ಅಟ್ಟವನ್ನು ಬಿಟ್ಟುಕೊಟ್ಟಳು. ಅವಳಿಗೆ ನಾನು ತೀರಿಸಲಿಲ್ಲ. ಈಗ ಅವಳಿಲ್ಲ.” ಮುಂದೆ ಮಾತನಾಡಲಿಲ್ಲ, ಒರೆಸಿದ ತಟ್ಟೆಯನ್ನೇ ಮತ್ತೊಮ್ಮೆ ಒರೆಸಿದರು.

ಹನ್ನೊಂದನೆಯ ದಿನ ತಾಯಿಯ ಕಾಗದ ಬಂದಿತು, ಹಳೆಯ ವಿಳಾಸದ ಮೇಲೆ ಹೊಸದರ ಹಳದಿ ಚೀಟಿ ಅಂಟಿಸಿಕೊಂಡು. ಕೊನೆಯಲ್ಲಿ ಎರಡು ಸಾಲು ತಂದೆಯವರದೇ ಅಕ್ಷರ. ಸೊಟ್ಟಗಿದ್ದರೂ ಸಾಲು ಬಿಟ್ಟು ಸರಿದಿರಲಿಲ್ಲ. ಅಡಿಗೆಮನೆಯಲ್ಲಿ ನಿಂತು ನಾನು ಅತ್ತುಬಿಟ್ಟೆ. ಅಜ್ಜಿ ಏನೂ ಕೇಳದೆ ಕಾಫಿ ಇಟ್ಟರು.

ಆಗಸ್ಟ್ ಮುಗಿಯುವ ಹೊತ್ತಿಗೆ ಠೇವಣಿಯೂ ಬಂದಿತು: 163 ಡಾಲರ್. ಒಲೆ ತೊಳೆದುದಕ್ಕೆ 25, ಮೊಳೆಯ ತೂತುಗಳಿಗೆ 12 ಮುರಿದುಕೊಂಡಿದ್ದರು. ಅಷ್ಟರಲ್ಲಿ ನನಗೆ ಬೇರೆ ಕೋಣೆ ಸಿಕ್ಕಿತ್ತು. ಪ್ರವಾಹ ಇಳಿದ ಮೇಲೆ ಅಜ್ಜಿಯೊಡನೆ ಅಣೆಕಟ್ಟು ನೋಡಲು ಹೋದೆ. ಕೋಡಿಯ ನೀರು ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿ, ಸುಮಾರು 37 ಕೋಟಿ ವರ್ಷಗಳ ಹಿಂದಿನ ಸಮುದ್ರದ ತಳ ಬಯಲಾಗಿತ್ತು. ಬಂಡೆಯಲ್ಲಿ ಹವಳ, ಚಿಪ್ಪುಗಳ ಅಚ್ಚು. “ನೋಡು, ಸಮುದ್ರವೂ ಇಲ್ಲಿ ಬಾಡಿಗೆಗೆ ಇದ್ದು ಹೋಗಿದೆ” ಎಂದರು.

ಸಂಗತಿ ತಿಳಿದ ತಾಯಿ, ಆ ಪುಣ್ಯಾತ್ಗಿತ್ತಿಗೆಂದು ಒಂದು ಕಣ, ಅರಿಸಿನ, ಕುಂಕುಮ ಕಳುಹಿಸಿದರು. ಅವರು ವಿಧವೆಯೆಂದು ನಾನು ಬರೆದಿರಲಿಲ್ಲ. ಕೊಡಲೋ ಬೇಡವೋ ಎಂದು ಎರಡು ದಿನ ತೊಳಲಾಡಿ ಕೊಟ್ಟೆ. ಅವರು ಕಣವನ್ನು ಮೇಜಿಗೆ ಹಾಸಿ, ಕುಂಕುಮದ ಭರಣಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು, “ಎಂಥ ಕೆಂಪು!” ಎಂದರು. ನಾನು ಆ ಊರು ಬಿಡುವವರೆಗೂ ಅದು ಅಲ್ಲಿಯೇ ಇತ್ತು.

ಈಗ ಮೈಸೂರಿನಲ್ಲಿ ನನ್ನ ಮನೆಯ ಮಹಡಿಯ ಕೋಣೆಯಲ್ಲಿ ಬೀದರದ ಹುಡುಗನೊಬ್ಬ ಇದ್ದಾನೆ. ಮೊನ್ನೆ ಕಾಗದವೊಂದನ್ನು ಹಿಡಿದು ಬಾಗಿಲಲ್ಲಿ ನಿಂತು, “ಸರ್, ಬ್ಯಾಂಕಿನವರು ವಿಳಾಸ ಕೇಳುತ್ತಾರೆ. ಮನೆ ಮಾಲೀಕರು ಸಾಮಾನ್ಯವಾಗಿ ಒಪ್ಪುವುದಿಲ್ಲ. ತಮ್ಮದನ್ನು ಕೊಡಬಹುದೇ?” ಎಂದು ಅಂಜುತ್ತ ಕೇಳಿದ.

“ಇಲ್ಲಿ ಕೊಡಪ್ಪ” ಎಂದು ಕಾಗದವನ್ನು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ನಾನೇ ಬರೆದೆ. ಆದಷ್ಟು ದುಂಡಗಿನ ಅಕ್ಷರದಲ್ಲಿ.